ಉರಿಯಿಲ್ಲದ ಮೂತ್ರದ ಸೋಂಕು: ಸ್ಯಾಂಪಲ್ ಕೆಟ್ಟರೆ ವರದಿಯೂ ಕೆಟ್ಟಂತೆ

ಉರಿಯಿಲ್ಲ, ಜ್ವರವಿಲ್ಲ, ಹೊಟ್ಟೆನೋವಿಲ್ಲ. ಆದರೂ 100 ಗರ್ಭಿಣಿಯರಲ್ಲಿ 2ರಿಂದ 10 ಮಂದಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತದೆ. ಗರ್ಭಿಣಿಯರಲ್ಲಿ ಮೂತ್ರನಾಳ ಸಡಿಲವಾಗಿ ಮೂತ್ರ ನಿಧಾನಕ್ಕೆ ಇಳಿಯುವುದರಿಂದ ಸೋಂಕು ಕಿಡ್ನಿಗೆ ಏರುವುದು ಸುಲಭ. ಅದಕ್ಕೇ ಮೊದಲ ತಪಾಸಣೆಯಲ್ಲೇ, ಇಲ್ಲವೇ 12ರಿಂದ 16ನೇ ವಾರದೊಳಗೆ ಕಲ್ಚರ್ (ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸುತ್ತಾರೆ.

ಲಕ್ಷಣ ಇಲ್ಲದಿರುವಾಗ ತೀರ್ಮಾನವೆಲ್ಲ ಒಂದು ಅಂಕಿಯ ಮೇಲೆ: ಮಿಲಿಲೀಟರಿಗೆ ಒಂದೇ ಜಾತಿಯ 1,00,000 ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಮೂತ್ರ ಎಳೆಯುವ ಲೂಪ್ (ತುದಿಯಲ್ಲಿ ಬಳೆಯಿರುವ ಕಡ್ಡಿ) ಹಿಡಿಯುವುದು 0.001 ಮಿ.ಲೀ.; ಮರುದಿನ 100 ಕಾಲನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕಿ) ಎದ್ದರೆ ಗಡಿ ಮುಟ್ಟಿತು. ಮೇಜಿನ ಮೇಲೆ ಮರೆತ ಬಾಟಲಿಯಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತಲೇ ಹೋಗುತ್ತದೆ, ಚರ್ಮದಿಂದ ಬಿದ್ದ ನಾಲ್ಕಾರು ಸಾವಿರವೂ ಲಕ್ಷವಾಗುತ್ತದೆ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪದಿದ್ದರೆ 4 ಡಿಗ್ರಿ ಫ್ರಿಜ್‌ನಲ್ಲಿಡಿ. ಅಲ್ಲಿಯೂ 24 ಗಂಟೆ ದಾಟಬಾರದು. ಬ್ಯಾಕ್ಟೀರಿಯಾ ಹೆಚ್ಚದಂತೆ ತಡೆಯುವ ಬೋರಿಕ್ ಆಮ್ಲವಿರುವ ಬಾಟಲಿಯಾದರೆ ಗೆರೆಯವರೆಗೆ ತುಂಬಿಸಲೇಬೇಕು. ಅರ್ಧ ತುಂಬಿದರೆ ಆಮ್ಲದ ತೀವ್ರತೆ ಹೆಚ್ಚಾಗಿ, ಇರುವ ಬ್ಯಾಕ್ಟೀರಿಯಾವೂ ಸಾಯುತ್ತದೆ, ವರದಿ ಸುಳ್ಳೇ ನೆಗೆಟಿವ್ ಬರುತ್ತದೆ.

ಮೂತ್ರ ಹಿಡಿಯುವ ಕ್ರಮವನ್ನು ಬಾಯಲ್ಲೇ ಹೇಳಿಕೊಡಬೇಕು. ಗೋಡೆಯ ಚಿತ್ರ ಯಾರೂ ನೋಡುವುದಿಲ್ಲ. ಕೈ ತೊಳೆದು, ಮುಂದಿನಿಂದ ಹಿಂದಕ್ಕೆ ನೀರಿನಲ್ಲಿ ಒರೆಸಿ, ಯೋನಿಯ ತುಟಿಗಳನ್ನು ಬೇರ್ಪಡಿಸಿ ಹಿಡಿದು, ಮೊದಲ ಧಾರೆ ಬಿಟ್ಟು, ನಿಲ್ಲಿಸದೆ ನಡುವಿನದನ್ನು ಹಿಡಿಯುವುದು. ಡೆಟಾಲ್ ಬೇಡ, ಒಂದು ಹನಿ ಬಾಟಲಿಗೆ ಬಿದ್ದರೂ ಕಲ್ಚರ್ ಕೆಡುತ್ತದೆ. ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಅದು ಬೆರಕೆ. ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆಂಬ ಔಷಧಿ ಪಟ್ಟಿ ಕೊಡದೆ ಹೊಸ ಸ್ಯಾಂಪಲ್ ಕೇಳುವುದೇ ಸರಿ.

ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಕಡ್ಡಿ) ನೆಚ್ಚಿ ಕಲ್ಚರ್ ಬಿಡುವಂತಿಲ್ಲ. ಅದು ಗುರುತಿಸುವ ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ಉಂಟುಮಾಡುವ ರಾಸಾಯನಿಕ) ಮೂಡಲು ಮೂತ್ರ ಸುಮಾರು ನಾಲ್ಕು ಗಂಟೆ ಮೂತ್ರಚೀಲದಲ್ಲಿ ನಿಲ್ಲಬೇಕು, ಗರ್ಭಿಣಿಗೆ ಅಷ್ಟು ಹೊತ್ತು ತಡೆಯುವುದೆಲ್ಲಿ? ಎಂಟರೊಕಾಕಸ್, ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುವುದೇ ಇಲ್ಲ.

ಲ್ಯಾಬಿಗೆ ಹೋಗುವ ಚೀಟಿಯಲ್ಲಿ 'ಗರ್ಭಿಣಿ' ಮತ್ತು ವಾರ ಬರೆದು ಕಳಿಸಿ. ಬರೆದಿದ್ದರೆ ಗ್ರೂಪ್ ಬಿ ಸ್ಟ್ರೆಪ್ ಕಡಿಮೆ ಸಂಖ್ಯೆಯಲ್ಲಿದ್ದರೂ ವರದಿಗೆ ಬರುತ್ತದೆ, ಏಕೆಂದರೆ ಆಗ ಹೆರಿಗೆ ನೋವಿನ ಹೊತ್ತಿಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬೇಕು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಔಷಧಿ ಪಟ್ಟಿಯಿಂದ ಹೊರಗುಳಿಯುತ್ತದೆ. ನೈಟ್ರೊಫ್ಯುರಾಂಟೊಯಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಹೆರಿಗೆ ಹತ್ತಿರವಾದಾಗ ಬೇಡವೆಂದು ವೈದ್ಯರು ನೋಡಿಕೊಳ್ಳುತ್ತಾರೆ. ಮಾತ್ರೆ ಮುಗಿದ ಒಂದೆರಡು ವಾರಕ್ಕೆ ಮತ್ತೊಂದು ಕಲ್ಚರ್ ಬೇಕು. ಆ ಚೀಟಿಯಲ್ಲಿ ಯಾವ ಔಷಧಿ, ಯಾವತ್ತು ಮುಗಿಯಿತು ಎಂಬುದೂ ಇರಲಿ.