ಗೊತ್ತಿರೋ ಕಥೆಯನ್ನೇ ದಿನಾ ಯಾಕೆ ಓದ್ತೀರಾ?

"ಮೇಡಂ, ಕಥೆ ಗೊತ್ತಿದೆ ತಾನೇ? ಮತ್ತೆ ಅದನ್ನೇ ದಿನಾ ಯಾಕೆ ಓದ್ತೀರಾ?" ಬ್ಯಾಂಕಿನಲ್ಲಿ ಊಟದ ಬಿಡುವಿನಲ್ಲಿ ನನ್ನ ಕೈಲಿ ಪುಟ್ಟ ಶುಭಸಂದೇಶದ ಪುಸ್ತಕ (ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗ) ಕಂಡವರೆಲ್ಲ ಕೇಳುವ ಪ್ರಶ್ನೆ ಇದು. ನಮ್ಮ ಚರ್ಚಿನವರು ಇದನ್ನೇ ಬೇರೆ ಥರ ಕೇಳುತ್ತಾರೆ: "ಅಕ್ಕಾ, ಭಾನುವಾರ ಪೂಜೆಯಲ್ಲಿ ಕೇಳ್ತೀವಲ್ಲ, ಸಾಲದಾ?" ಎಲ್ಲರಿಗೂ ಒಟ್ಟಿಗೆ ಇಲ್ಲೇ ಉತ್ತರ ಬರೆದುಬಿಡುತ್ತೇನೆ.

ಕಥೆ ಗೊತ್ತು, ನಿಜ. ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಅಂತ ನಾಲ್ವರ ಹೆಸರಿನ ಶುಭಸಂದೇಶಗಳು, ನಾಲ್ಕೂ ಸೇರಿ 89 ಅಧ್ಯಾಯ, ಅಷ್ಟೇ. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವರಿಲ್ಲವೇ, ಇದೂ ಹಾಗೇ ಅಂದು ಮಾತು ಮುಗಿಸಬಹುದು. ಆದರೆ ಅಲ್ಲಿ ನಾನು ಬರೀ ನೋಡುವವಳು. ಶುಭಸಂದೇಶ ಹಾಗೆ ಸುಮ್ನೆ ಕೂತು ನೋಡಲು ಬಿಡುವುದಿಲ್ಲ. ಈ ಗುಂಪಿನಲ್ಲಿ ನೀನು ಎಲ್ಲಿ ನಿಂತಿದ್ದೀಯ ಅಂತ ಕೇಳುತ್ತದೆ. ನಿಂತ ಜಾಗ ಬದಲಾದರೆ ಕಥೆಯೂ ಬೇರೆಯಾಗುತ್ತದೆ.

ಒಂದು ಭಾಗ ಹಿಡಿದು ಹೇಳುತ್ತೇನೆ. ಮಾರ್ಕರ 5ನೇ ಅಧ್ಯಾಯ, 21ರಿಂದ 43ನೇ ವಚನ. ಯಾಯಿರ ಅಂತ ಒಬ್ಬ, ಪ್ರಾರ್ಥನಾಮಂದಿರದ ಅಧಿಕಾರಿ, ಊರಲ್ಲಿ ಹೆಸರಿದ್ದವನು. ಮಗಳು ಸಾಯುವ ಹಾಗಿದ್ದಾಳೆ, ಬನ್ನಿ ಅಂತ ಯೇಸುವಿನ ಕಾಲಿಗೆ ಬೀಳುತ್ತಾನೆ. ಯೇಸು ಹೊರಡುತ್ತಾರೆ. ದಾರಿ ತುಂಬಾ ಜನ, ನೂಕುನುಗ್ಗಲು. 12 ವರ್ಷದಿಂದ ರಕ್ತಸ್ರಾವದಲ್ಲಿ ನರಳುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟುತ್ತಾಳೆ. ಕಾಯಿಲೆ ವಾಸಿಯಾಗುತ್ತದೆ. ಯೇಸು ಅಲ್ಲೇ ನಿಂತು, ನನ್ನ ಬಟ್ಟೆ ಮುಟ್ಟಿದವರು ಯಾರು ಅಂತ ಕೇಳುತ್ತಾರೆ. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಇದೆಂಥ ಪ್ರಶ್ನೆ ಅಂತ ಶಿಷ್ಯರಿಗೆ. ಅವಳು ನಡುಗುತ್ತಾ ಮುಂದೆ ಬಂದು ನಡೆದದ್ದನ್ನೆಲ್ಲಾ ಹೇಳುತ್ತಾಳೆ. ಯೇಸು ಅವಳನ್ನು "ಮಗಳೇ" ಅನ್ನುತ್ತಾರೆ. ಅವರಿನ್ನೂ ಮಾತಾಡುತ್ತಿರುವಾಗಲೇ ಯಾಯಿರನ ಮನೆಯಿಂದ ಸುದ್ದಿ ಬರುತ್ತದೆ, ಮಗು ಹೋಯಿತು ಅಂತ. ಆದರೂ ಯೇಸು ಹೋಗಿ, 12 ವರ್ಷದ ಆ ಹುಡುಗಿಯ ಕೈ ಹಿಡಿದು ಎಬ್ಬಿಸುತ್ತಾರೆ.

ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಇದು ಎರಡು ಅದ್ಭುತಗಳ ಪಾಠ. ಬಾಯಿಪಾಠ ಮಾಡಿ ಒಪ್ಪಿಸಿದರೆ ಆಯಿತು. ತಾಯಿಯಾದ ಮೇಲೆ ಓದಿದಾಗ ನಾನು ಯಾಯಿರನ ಪಕ್ಕ ನಿಂತಿದ್ದೆ. ಸುಡುವ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಟೋಕನ್ ಹಿಡಿದು, ಡಾಕ್ಟರ್ ಬಾಗಿಲನ್ನೇ ನೋಡುತ್ತಾ ಕೂತವರಿಗೆ ಆ ಸಂಕಟ ಗೊತ್ತು. 12 ವರ್ಷ ತಡೆದುಕೊಂಡವಳು ಇನ್ನೊಂದು ಗಂಟೆ ತಡೆಯಲಾರಳೇ? ಮೊದಲು ಮಗು ನೋಡಿ ಸ್ವಾಮಿ! ಆದರೆ ಯಾಯಿರ ಅಲ್ಲಿ ಒಂದು ಮಾತೂ ಆಡಿದ್ದು ಬರೆದಿಲ್ಲ. ನಾನಾಗಿದ್ದರೆ ಕೂಗಾಡುತ್ತಿದ್ದೆ.

ಆಮೇಲೆ ಆ ಹೆಂಗಸಿನ ಕಡೆ ಕಣ್ಣು ಹೋಯಿತು. ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅವಳು ಮೈಲಿಗೆ. ಅವಳು ಕೂತ ಜಾಗ, ಮಲಗಿದ ಹಾಸಿಗೆ ಎಲ್ಲಾ ಮೈಲಿಗೆ. ಹೊರಗೆ ಕೂತ ನೆನಪಿರುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಎದುರಿಗೆ ಬಾರದೆ ಹಿಂದಿನಿಂದ ಬಂದದ್ದು ಅದಕ್ಕೇ ಇರಬೇಕು. ವೈದ್ಯರಿಗೆ ಇದ್ದದ್ದನ್ನೆಲ್ಲಾ ಸುರಿದಳು, ಕಾಯಿಲೆ ಇನ್ನೂ ಜಾಸ್ತಿಯಾಯಿತು ಅಂತ ಮಾರ್ಕರು ಮುಲಾಜಿಲ್ಲದೆ ಬರೆಯುತ್ತಾರೆ. ಜಾಸ್ತಿಯಾಯಿತು ಅನ್ನುವ ಮಾತು ಲೂಕರಲ್ಲಿಲ್ಲ. ಸಂಪ್ರದಾಯದ ಪ್ರಕಾರ ಲೂಕರು ವೈದ್ಯರು. ತಮ್ಮವರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲವೇನೋ! ಮತ್ತಾಯರದು ಅವಸರ. 9 ವಚನದಲ್ಲಿ ಎರಡೂ ಕಥೆ ಮುಗಿಸುತ್ತಾರೆ. ಅವರಲ್ಲಿ ತಂದೆ ಬರುವ ಹೊತ್ತಿಗೇ ಮಗಳು ಸತ್ತಿದ್ದಾಳೆ. ಹಾಗಾಗಿ ಕಾಯುವ ಸಂಕಟವೇ ಇಲ್ಲ. ನನಗೆ ಮಾರ್ಕರೇ ಇಷ್ಟ.

ಓದಿ ಏನಾಯಿತು ಅಂತೀರಾ? ನಾನು ಕೂರುವುದು ಕೌಂಟರ್‌ನಲ್ಲಿ. ಹಳ್ಳಿಯಿಂದ ಬಂದ ಅಜ್ಜಿ ಪಾಸ್‌ಬುಕ್ ಮುಂದಿಟ್ಟು, "ಗೃಹಲಕ್ಷ್ಮಿ ದುಡ್ಡು ಬಂದದಾ ನೋಡವ್ವ" ಅನ್ನುತ್ತಾರೆ. ಎರಡು ಸಾವಿರ ಬಂದಿದೆ ಅಥವಾ ಬಂದಿಲ್ಲ, ಒಂದು ನಿಮಿಷದ ಕೆಲಸ. ಆದರೆ ಅಜ್ಜಿ ಕದಲುವುದಿಲ್ಲ. ಎಟಿಎಂ ಕಾರ್ಡ್ ಮಗನ ಹತ್ತಿರ ಇದೆ, ಅವನು ಬಂದಿಲ್ಲ ಅಂತಾನೆ, ಸೊಸೆ ಬಂದಿದೆ ಅಂತಾಳೆ. ಅವರೂ ನಡೆದದ್ದನ್ನೆಲ್ಲಾ ಹೇಳಬೇಕು. ಹಿಂದೆ ಸಾಲು ಬೆಳೆಯುತ್ತದೆ. ನನ್ನೊಳಗಿನ ಶಿಷ್ಯ ಗೊಣಗುತ್ತಾನೆ, ಇಷ್ಟು ಜನರ ಮಧ್ಯೆ ಇದೇನು ಅಂತ. ಆಗ ನಾನು ಪಾಸ್‌ಬುಕ್ ಎಂಟ್ರಿ ಹಾಕಿ, ಒಂದೊಂದೇ ಸಾಲು ಬೆರಳಿಟ್ಟು ಓದಿ ಹೇಳುತ್ತೇನೆ. ಇಂಥ ತಾರೀಖು ಬಂತು, ಇಂಥ ತಾರೀಖು ತೆಗೆದಿದ್ದಾರೆ. ಹಿಂದೆ ನಿಂತು ಗಡಿಯಾರ ನೋಡುವವರ ಮೇಲೂ ಈಗ ನನಗೆ ಸಿಟ್ಟಿಲ್ಲ. ಯಾಯಿರನದು ತಪ್ಪು ಅಂತ ಶುಭಸಂದೇಶ ಎಲ್ಲೂ ಹೇಳುವುದಿಲ್ಲವಲ್ಲ. ತಲೆಯೆತ್ತಿ, "ಎರಡು ನಿಮಿಷ ಅಣ್ಣಾ, ನಿಮ್ಮದೂ ಮಾಡ್ತೀನಿ" ಅಂದರೆ ಸಾಲು ಅರ್ಧ ತಣ್ಣಗಾಗುತ್ತದೆ. ನಿಮಗೆ ಇದು ಬರೀ ಒಳ್ಳೆಯತನ ಅನ್ನಿಸಬಹುದು. ಇರಲಿ. ನನಗೆ ಅದು ಬಂದದ್ದು ಈ ಓದಿನಿಂದ.

ಈ ರೀತಿ ಓದುವುದು ನಾನು ಕಂಡುಹಿಡಿದದ್ದಲ್ಲ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಮಲಗಿದ ಇಗ್ನೇಷಿಯಸ್ ಎಂಬ ಸ್ಪೇನಿನ ಯೋಧ ಓದಲು ವೀರರ ಕಥೆ ಕೇಳಿದ. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನ, ಸಂತರ ಜೀವನ ಮಾತ್ರ. ಮುಂದೆ ಸಂತನಾದ ಆತ ಹೇಳಿಕೊಟ್ಟ ದಾರಿ ಇದು: ಆ ಜನರನ್ನು ನೋಡು, ಅವರ ಮಾತು ಕೇಳು, ಏನು ಮಾಡುತ್ತಿದ್ದಾರೆ ಗಮನಿಸು, ಅದರಿಂದ ನಿನಗೊಂದು ಫಲ ತೆಗೆದುಕೋ. ಆತ ಕಟ್ಟಿದ ಯೇಸುಸಭೆಯ (ಜೆಸ್ವಿಟ್) ಗುರುಗಳು ನಡೆಸುವ ಧ್ಯಾನಕೂಟಗಳಲ್ಲಿ, ಮಂಗಳೂರಿನ ಫಾತಿಮಾ ಧ್ಯಾನಮಂದಿರದಂಥ ಕಡೆ, ಇವತ್ತಿಗೂ ಇದೇ ಕ್ರಮ. ಬೆಳಗಾದರೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಜೊತೆ ಬರುವ ವಚನವನ್ನು ನಾನು ಓದು ಅನ್ನುವುದಿಲ್ಲ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ಭವಿಷ್ಯ ನೋಡುವುದಂತೂ ಬೇಡವೇ ಬೇಡ.

ಇನ್ನು ಭಾನುವಾರ ಕೇಳಿದರೆ ಸಾಲದಾ ಅನ್ನುವವರಿಗೆ. ನಮ್ಮ ಪೂಜೆಯ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಈ ಭಾಗ ಬಂದದ್ದು 2024ರ ಜೂನ್ 30ರಂದು. ವಾಚನಗ್ರಂಥದಲ್ಲಿ ಇದಕ್ಕೊಂದು ಚಿಕ್ಕ ರೂಪವೂ ಇದೆ. ಗುರುಗಳು ಅದನ್ನೇ ಓದಿದರೆ ಆ ಹೆಂಗಸೇ ಮಾಯ, ಯೇಸು ಎಲ್ಲೂ ನಿಲ್ಲದೆ ನೇರವಾಗಿ ಯಾಯಿರನ ಮನೆಗೆ! ಭಾನುವಾರ ಈ ಭಾಗ ಮತ್ತೆ ಬರುವುದು 2027ರ ಜೂನ್ 27ಕ್ಕೆ. ಅಲ್ಲಿಯವರೆಗೆ ಯಾಕೆ ಕಾಯುತ್ತೀರಿ? ಇವತ್ತು ರಾತ್ರಿ ಊಟ ಆದ ಮೇಲೆ ಓದಿ. 23 ವಚನ, ಗಟ್ಟಿಯಾಗಿ ಓದಿದರೂ ಐದು ನಿಮಿಷ ಸಾಕು. ಕೊನೆಯ ವಚನ ಬಿಡಬೇಡಿ. ಎದ್ದ ಹುಡುಗಿಗೆ ತಿನ್ನಲು ಏನಾದರೂ ಕೊಡಿ ಅಂತ ಯೇಸು ಮನೆಯವರಿಗೆ ಹೇಳುವುದು ಅಲ್ಲೇ.