«ಸರ್, ಆ ಜರ್ನಲ್ ಸ್ಕೋಪಸ್‌ನಲ್ಲಿ ಇದೆಯಾ?»

ಕುಮಟಾದಲ್ಲಿ ಪಾಠ ಮಾಡಲು ಶುರುಮಾಡಿದ ಮೇಲೆ ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಸ್ಕೋಪಸ್ ಅಂದರೆ ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ, ಮತ್ತು ಅವುಗಳ ಲೇಖನಗಳ ಒಂದು ದೊಡ್ಡ ಸೂಚಿ, ಪಟ್ಟಿ. ಪಿಎಚ್‌ಡಿ ಮಾಡುವವರು ಕೇಳುತ್ತಾರೆ, ಹೊಸದಾಗಿ ಸೇರಿದ ಲೆಕ್ಚರರ್‌ಗಳೂ ಕೇಳುತ್ತಾರೆ. ಇದೆಯೋ ಇಲ್ಲವೋ ಅನ್ನುವುದು ಮೊಬೈಲ್‌ನಲ್ಲಿ ನೋಡಿದರೂ ಗೊತ್ತಾಗುತ್ತದೆ. ಅವರ ಮನಸ್ಸಿನಲ್ಲಿರುವುದು ಬೇರೆಯೇ: ಪಟ್ಟಿಯಲ್ಲಿದ್ದರೆ ಒಳ್ಳೆಯ ಜರ್ನಲ್ ತಾನೇ?

ಹಾಗೇನಿಲ್ಲ.

ನನ್ನ ಕಥೆಯನ್ನೇ ಹೇಳುತ್ತೇನೆ. ಬಡ್ತಿಗೆ ಪಾಯಿಂಟು ಕಮ್ಮಿ ಬಿದ್ದಾಗ ಪಟ್ಟಿಯಲ್ಲಿದ್ದ ಒಂದು ಜರ್ನಲ್‌ಗೆ ದುಡ್ಡು ಕಟ್ಟಿ ಲೇಖನ ಕಳಿಸಿದೆ. ಹದಿನೈದೇ ದಿನದಲ್ಲಿ ಒಪ್ಪಿಗೆ. ಲೇಖನ ಪರಿಶೀಲಿಸುವ ವಿಮರ್ಶಕರು ಬರೆದದ್ದು ಒಂದೇ ಸಾಲು: ಇಂಗ್ಲಿಷ್ ಸ್ವಲ್ಪ ತಿದ್ದಿ. ಎರಡು ವರ್ಷದ ಮೇಲೆ ಆ ಜರ್ನಲ್ಲನ್ನು ಪಟ್ಟಿಯಿಂದ ತೆಗೆದರು. ನನ್ನ ಲೇಖನ ಮಾತ್ರ ಸ್ಕೋಪಸ್‌ನಲ್ಲಿ ಈಗಲೂ ಇದೆ! ಅದೇ ವರ್ಷ ನನ್ನ ಸ್ನೇಹಿತರೊಬ್ಬರು ಅಘನಾಶಿನಿ ನದಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ಬರೆದಿದ್ದರು. ಉಪ್ಪುನೀರು ತಡೆದುಕೊಳ್ಳುವ ಭತ್ತ ಅದು. ಮೂರು ಮಳೆಗಾಲ ಮಾಣಿಕಟ್ಟಾ ಕಡೆ ಕೆಸರು ತುಳಿದು ಮಾಡಿದ ಕೆಲಸ. ಪ್ರಕಟವಾದದ್ದು ಕನ್ನಡದ ಸಣ್ಣ ಪತ್ರಿಕೆಯಲ್ಲಿ. ರೈತರು ಓದಿದರು. ಪಾಯಿಂಟು ಸೊನ್ನೆ.

ಈ ಸೂಚಿಗಳನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. 1964ರಲ್ಲಿ ಅಮೆರಿಕದ ಯುಜೀನ್ ಗಾರ್ಫೀಲ್ಡ್ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದದ್ದು ಹುಡುಕುವವರಿಗಾಗಿ. ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಅಂತ ಜಾಡು ಹಿಡಿದು ಹೋದರೆ ಬೇಕಾದ ಲೇಖನ ಸಿಗಬೇಕು, ಅಷ್ಟೇ. ಸ್ಕೋಪಸ್ ಬಂದದ್ದು 2004ರಲ್ಲಿ. ಅದರ ಒಡೆಯ ಎಲ್ಸೆವಿಯರ್, ತಾನೇ ಜರ್ನಲ್ ಮಾರುವ ಕಂಪನಿ. ಇದು ನನಗೆ ಯಾವತ್ತೂ ಸ್ವಲ್ಪ ವಿಚಿತ್ರ ಅನಿಸುತ್ತದೆ.

ಜರ್ನಲ್‌ನ ತೂಕ ಇಷ್ಟು ಅಂತ ತೋರಿಸಲು ಬಳಸುವ ಅಂಕಿ ಇಂಪ್ಯಾಕ್ಟ್ ಫ್ಯಾಕ್ಟರ್. ಅದರ ಕಥೆಯೂ ಹೀಗೇ. 2022 ಮತ್ತು 2023ರ ಲೇಖನಗಳನ್ನು 2024ರಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಅಂತ ಎಣಿಸಿ, ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ 2024ರ ಅಂಕಿ ಬರುತ್ತದೆ. ಅದು ಇಡೀ ಜರ್ನಲ್‌ನ ಸರಾಸರಿ. ನಾಲ್ಕೈದು ಲೇಖನ ಜೋರಾಗಿ ಓಡಿದರೆ ಉಳಿದವೂ ಅದೇ ಅಂಕಿ ಹಚ್ಚಿಕೊಂಡು ತಿರುಗುತ್ತವೆ. ಕಗ್ಗದಂಥ ವಿಷಯ ಹತ್ತು ವರ್ಷದ ಮೇಲೆ ಯಾರಿಗೋ ಬೇಕಾದರೆ ಅದು ಈ ಲೆಕ್ಕಕ್ಕೇ ಬರುವುದಿಲ್ಲ.

ಪಟ್ಟಿಗಳೂ ಗಟ್ಟಿ ಏನಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಮೇ ತಿಂಗಳಲ್ಲಿ ತನ್ನದೇ ಒಪ್ಪಿತ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್ ತೆಗೆಯಿತು. ಆಮೇಲೆ ಅದರ ಬದಲು ಯುಜಿಸಿಯದೇ ಕೇರ್ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. 2023ರಲ್ಲಿ ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಲೇಖನ ಹಿಂತೆಗೆದರು. ಅದರಲ್ಲಿ ಎಷ್ಟೋ ಜರ್ನಲ್ ದೊಡ್ಡ ದೊಡ್ಡ ಸೂಚಿಗಳಲ್ಲೇ ಇದ್ದವು.

ನಮ್ಮ ಮನೆ ಶಿರಸಿ ಕಡೆ. ಅಡಿಕೆ ವಖಾರಿಯಲ್ಲಿ ವ್ಯಾಪಾರಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಂದಕೂಡಲೇ ದರ ಹೇಳುವುದಿಲ್ಲ. ಎರಡು ಅಡಿಕೆ ಎತ್ತಿಕೊಂಡು ಕತ್ತರಿಸಿ ಒಳಗೆ ನೋಡುತ್ತಾನೆ. ನಮ್ಮ ಆಯ್ಕೆ ಸಮಿತಿಯವರಿಗೆ ಅಷ್ಟೂ ಪುರುಸೊತ್ತು ಇಲ್ಲ. ನೂರು ಅರ್ಜಿ, ಒಂದು ಮಧ್ಯಾಹ್ನ. ಅವರ ಕಷ್ಟವೂ ನಿಜವೇ, ಅಲ್ವಾ?

ಹಾಗಂತ ಪಟ್ಟಿ ನೋಡಲೇಬೇಡಿ ಅಂತ ನಾನು ಹೇಳುವುದಿಲ್ಲ. ನೌಕರಿಗೆ ಕೇಳುತ್ತಾರೆ, ಬೇಕು. ಆದರೆ ಕಳಿಸುವ ಮುಂಚೆ ಆ ಜರ್ನಲ್‌ನ ಮೂರು ಲೇಖನವನ್ನಾದರೂ ಓದಿ.

ಮೊನ್ನೆ ಕಾರವಾರದಿಂದ ಬಂದ ಒಬ್ಬ ವಿದ್ಯಾರ್ಥಿನಿಗೂ ಇದನ್ನೇ ಹೇಳಿದೆ. ಮರುದಿನ ಫೋನ್ ಮಾಡಿದಳು. «ಸರ್, ಒಂದರಲ್ಲಿ ಟೇಬಲ್ಲಿನ ಮೊತ್ತವೇ ಕೂಡುವುದಿಲ್ಲ. ಇನ್ನೊಂದರಲ್ಲೂ ಅದೇ ಟೇಬಲ್, ಊರಿನ ಹೆಸರು ಮಾತ್ರ ಬೇರೆ.»

ಅವಳು ಲೇಖನವನ್ನು ಬೇರೆ ಕಡೆ ಕಳಿಸಿದ್ದಾಳೆ. ಅಲ್ಲಿ ಒಪ್ಪಿಗೆಗೆ ಆರು ತಿಂಗಳಾದರೂ ಬೇಕಂತೆ. ಅವಳ ಫೆಲೋಶಿಪ್ ಮುಗಿಯಲು ಇರುವುದು ನಾಲ್ಕೇ ತಿಂಗಳು.