ಮೈಲುತುತ್ತದ ರಸೀತಿ ಇದೆ, ಮಾತ್ರೆಯದ್ದಿಲ್ಲ

ಅಪ್ಪಯ್ಯನ ಕಾಲು ಊದಿದ್ದು ಗೊತ್ತಾಗಿದ್ದು ಹವಾಯಿ ಚಪ್ಪಲಿಯಿಂದ. ತೋಟದಿಂದ ಬಂದು ಚಪ್ಪಲಿ ಬಿಟ್ಟರೂ ಬಾರಿನ ಗುರುತು ಪಾದದ ಮೇಲೆ ಹಾಗೇ ಇರುತ್ತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು, ಬೇಗ ತುಂಬುತ್ತಿರಲಿಲ್ಲ. ಮಳೆಗಾಲದ ಥಂಡಿ ಅಂತ ಸುಮ್ಮನಿದ್ದೆವು. ಹದಿನೈದು ದಿನಕ್ಕೆ, ಮಲಗಿದರೆ ಉಸಿರು ಕಟ್ಟತೊಡಗಿತು. ಕಾರು ಮಾಡಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಿದೆವು.

ಅಲ್ಲಿನ ಡಾಕ್ಟರು ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರು. ಶುಗರ್‌ಗೆ ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ. ಅದರಲ್ಲೊಂದು ಪಯೋಗ್ಲಿಟಜೋನ್. "ಹಾರ್ಟ್ ವೀಕ್ ಇರೋರಿಗೆ ಇದು ಆಗಲ್ಲ, ಮೈಯಲ್ಲಿ ನೀರು ನಿಲ್ಲುತ್ತೆ" ಅಂದರು. ಮಾತ್ರೆ ನಿಲ್ಲಿಸಿದರು, ಕ್ರಮೇಣ ಊತ ಇಳಿಯಿತು. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಹಿಂದಿನ ವರ್ಷ ಎದೆನೋವು ಅಂತ ಮೂರು ದಿನ ಅಡ್ಮಿಟ್ ಮಾಡಿಕೊಂಡು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಹೃದಯ ವೀಕ್ ಅಂದಿದ್ದ ಆಸ್ಪತ್ರೆಯವರೇ ಆಮೇಲೆ ಈ ಮಾತ್ರೆ ಬರೆದಿದ್ದು.

ತಮ್ಮ ಅಷ್ಟರಲ್ಲಿ ಮೊಬೈಲ್‌ನಲ್ಲಿ ಹುಡುಕಿದ್ದ. "ಇದೇ ಔಷಧಿಗೆ ಅಮೆರಿಕದಲ್ಲಿ 2015ರಲ್ಲಿ ಕಂಪನಿ ಕೇಸು ಹಾಕಿದವರಿಗೆ ಹತ್ತಿರ ಹತ್ತಿರ 240 ಕೋಟಿ ಡಾಲರ್ ಕೊಡೋಕೆ ಒಪ್ಪಿದೆ ಅಣ್ಣ!"

ಅದನ್ನೇ ತಲೆಯಲ್ಲಿಟ್ಟುಕೊಂಡು ಮುಂದಿನ ಸೋಮವಾರ ವಕೀಲರನ್ನು ಕಾಣಲು ಅಪ್ಪಯ್ಯನ ಜೊತೆ ಶಿವಮೊಗ್ಗದ ಬಸ್ಸು ಹತ್ತಿದೆ. ಮಂಡಗದ್ದೆ, ಗಾಜನೂರು, ದಾರಿಯುದ್ದಕ್ಕೂ ಕೆಂಪು ತುಂಗೆ. ಅಪ್ಪಯ್ಯನ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಲೆಕ್ಕದ ಪುಸ್ತಕ.

ವಕೀಲರು ಭಾವನ ಸ್ನೇಹಿತರು. ಅಮೆರಿಕದ ಮಾತು ಕೇಳಿ ನಕ್ಕರು. "ಅದು ಮೂತ್ರಕೋಶದ ಕ್ಯಾನ್ಸರ್ ಬಂದವರ ಕೇಸು. ನಿಮ್ಮದು ಹೃದಯದ್ದು." ನಮ್ಮಲ್ಲೂ 2013ರ ಜೂನ್‌ನಲ್ಲಿ ಈ ಔಷಧಿಯ ಮಾರಾಟ ನಿಲ್ಲಿಸಿದ್ದರಂತೆ. ಜುಲೈ ಮುಗಿಯುವುದರೊಳಗೆ, ಎಚ್ಚರಿಕೆ ಅಚ್ಚು ಹಾಕಬೇಕೆಂಬ ಷರತ್ತಿನ ಮೇಲೆ ಮತ್ತೆ ಮಾರಲು ಬಿಟ್ಟರಂತೆ. 2019ರ ಗ್ರಾಹಕ ಕಾಯ್ದೆಯಲ್ಲಿ ತಯಾರಕರ ಮೇಲೂ ದೂರು ಹಾಕಬಹುದು. ಆದರೆ ಡಾಕ್ಟರ ಚೀಟಿ ಮೇಲೆ ಮಾರುವ ಔಷಧಿಗೆ, ಡಾಕ್ಟರರಿಗೆ ಸರಿಯಾಗಿ ಎಚ್ಚರಿಕೆ ಕೊಟ್ಟಿದ್ದರೆ ಕಂಪನಿ ಪಾರು. "ಕಂಪನಿ ಬಿಡಿ. ಕೇಳೋದಿದ್ರೆ ಬರೆದವರನ್ನ ಕೇಳಬೇಕು."

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಹಾಕಬಹುದು. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸಿಲ್ಲ. 2 ವರ್ಷದೊಳಗೆ ಹಾಕಬೇಕು. ಇಷ್ಟು ಕೇಳಿ ನಾನು ಗೆದ್ದೇಬಿಟ್ಟೆ ಅಂದುಕೊಂಡೆ.

"ಸರಿ, ಕಾಗದ ಕೊಡಿ" ಅಂದರು.

ಅಪ್ಪಯ್ಯ ಪುಸ್ತಕ ಬಿಚ್ಚಿದರು. ಅಡಿಕೆಗೆ ಹೊಡೆಯಲು ಸೊಸೈಟಿಯಲ್ಲಿ ಕೊಂಡ ಮೈಲುತುತ್ತದ ರಸೀತಿ, ಸುಣ್ಣದ್ದು, ಔಷಧಿ ಹೊಡೆದವರ ಕೂಲಿ, ಹತ್ತು ವರ್ಷದ್ದು ಸಾಲಾಗಿ ಪಿನ್ ಹೊಡೆದು ಇಟ್ಟಿದ್ದರು. ಅಡಿಕೆಗೆ ಕೊಟ್ಟ ಔಷಧಿಗೆ ಬಿಲ್ಲಿತ್ತು. ತಾವು ನುಂಗಿದ್ದಕ್ಕೆ ಒಂದೂ ಇರಲಿಲ್ಲ. "ಮೆಡಿಕಲ್ಸ್‌ನೋನ ಹತ್ರ ಬಿಲ್ ಯಾರು ಕೇಳ್ತಾರೆ?" ಅಂದರು. ಡಾಕ್ಟರ ಚೀಟಿ ಮಾತ್ರ ಸಿಕ್ಕಿತು, ಅರ್ಧ ಒದ್ದೆ. ಪುಣ್ಯಕ್ಕೆ ಮಾತ್ರೆಯ ಹೆಸರು ಓದಲು ಬರುತ್ತಿತ್ತು.

ಇಷ್ಟು ಸಾಲದು ಅಂದರು ವಕೀಲರು. ತೊಂದರೆ ಆಯ್ತು ಅಂದರಾಗದು, ನಿರ್ಲಕ್ಷ್ಯ ಅಂತ ತೋರಿಸಬೇಕು. ಅದಕ್ಕೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾಗಬಹುದು. (ಶಿವಮೊಗ್ಗದ ಡಾಕ್ಟರನ್ನು ಮೊದಲೇ ಕೇಳಿದ್ದೆ. "ಬಾಯಲ್ಲಿ ಹೇಳ್ತೀನಿ, ಬರೆದು ಕೊಡಲ್ಲ" ಅಂದಿದ್ದರು.) ಆಸ್ಪತ್ರೆಗೆ ಹಾರ್ಟಿನ ವಿಷಯ ಗೊತ್ತಿತ್ತು ಅನ್ನೋದಕ್ಕೆ ಅಡ್ಮಿಟ್ ಆಗಿದ್ದಾಗಿನ ಫೈಲ್ ಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲಿದೆಯಂತೆ. ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ನಂಬರ್ ಕೂಡ ಕೊಟ್ಟರು, 1800-180-3024. ಅಲ್ಲಿ ಪರಿಹಾರ ಸಿಗಲ್ಲ, ಔಷಧಿಯ ಲೆಕ್ಕಕ್ಕೆ ಸೇರುತ್ತದೆ ಅಷ್ಟೆ.

ಅಪ್ಪಯ್ಯ ಕೇಳಿದ್ದು ಒಂದೇ. "ಇದರಿಂದ ಡಾಕ್ಟರಿಗೆ ತೊಂದ್ರೆ ಇಲ್ಲ ಅಲ್ವಾ?"

"ಫೋನ್ ಮಾಡಿದ್ರೆ ಇಲ್ಲ. ಕೇಸ್ ಹಾಕಿದ್ರೆ ಇದೆ."

"ಫೀಸು ಕಮ್ಮಿ ತಗೊಳ್ತಿದ್ರು ಪಾಪ" ಅಂದರು ಅಪ್ಪಯ್ಯ. ನನಗೆ ರೇಗಿಹೋಯಿತು. ಉಸಿರು ಕಟ್ಟಿ ರಾತ್ರಿಯೆಲ್ಲಾ ಕೂತಿದ್ದವರು ಇವರೇ ತಾನೆ?

ಫೈಲ್ ಕೇಳುವ ಅರ್ಜಿಯನ್ನು ಅಲ್ಲೇ ಟೈಪ್ ಮಾಡಿಸಿದೆವು. ಅಪ್ಪಯ್ಯ ಪೆನ್ನು ಹಿಡಿದು ಸುಮಾರು ಹೊತ್ತು ಕೂತರು. ಕೊನೆಗೆ ಸಹಿ ಹಾಕಿದರು. ಸ್ಪೀಡ್ ಪೋಸ್ಟ್ ಮಾಡಿ ಬಂದ ಮೇಲೆ ರಸೀತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮೈಲುತುತ್ತದ ರಸೀತಿಯ ಹಿಂದೆ ಪಿನ್ ಹೊಡೆದರು.